ಮಂಜಿನೂರಿನ ಕಿಟಕಿಗಿಡಕ್ಕೆ ಯಾವ ಬಣ್ಣದ ಬೆಳಕು?

ಆರಿದ್ರಾ ಮಳೆ ಹೊಕ್ಕಿತೆಂದರೆ ಮಡಿಕೇರಿಯಲ್ಲಿ ಸೂರ್ಯನಿಗೆ ರಜೆ. ಮುದ್ದುರಾಜನು 1681ರಲ್ಲಿ ಕೋಟೆ ಕಟ್ಟಿ ನೆಲೆಗೊಳಿಸಿದ ಈ ಊರು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಪಡುವಣ ಕಡಲಿನಿಂದ ಏರಿಬರುವ ಮೋಡಗಳಿಗೆ ಇದು ದಾರಿಯ ತಂಗುದಾಣ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಮುಗಿದುಹೋಗುತ್ತದೆ. ಹಾಲೇರಿಯ ವೀರಶೈವ ಅರಸ ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯದ ಗುಮ್ಮಟವು ಎದುರಿನ ಕೆರೆಯ ದಂಡೆಯಿಂದಲೇ ಕಾಣದಷ್ಟು ಮಂಜು ಕವಿಯುವ ದಿನಗಳುಂಟು. ಮನೆಗಳಲ್ಲಿ ಕಿಟಕಿಬಾಗಿಲು ಬಿಗಿಯಾಗಿ ಮುಚ್ಚಿರುತ್ತವೆ. ಬಟ್ಟೆ ಒಣಗುವುದು ಒಲೆಯ ಮೇಲೆ. ಅಂಗಳದ ಕುಂಡಗಳು ಒಂದೊಂದಾಗಿ ಒಳಗೆ ಬರುತ್ತವೆ. ಆಶ್ಲೇಷಾ ಮಳೆಯ ಹೊತ್ತಿಗೆ ಅವುಗಳ ಕಾಂಡ ಉದ್ದುದ್ದ ಬೆಳೆದು, ಎಲೆ ಬಿಳುಚಿ, ಬುಡ ಮೆತ್ತಗಾಗಿ ಕೊಳೆಯತೊಡಗುತ್ತದೆ.

ಈ ಸಲದ ಅಂಕಣಕ್ಕೆ ವಿಷಯವೊದಗಿಸಿದವರು ಅಲ್ಲಿಯ ಓದುಗ ಸೋದರಿಯೊಬ್ಬರು. 2018ರ ಆಗಸ್ಟ್ ತಿಂಗಳಲ್ಲಿ ಮಡಿಕೇರಿಯ ಸುತ್ತಲಿನ ಗುಡ್ಡಗಳು ಜರಿದಾಗ ಮನೆ ಮತ್ತು ಅಂಗಳವನ್ನು ಕಳೆದುಕೊಂಡ ಕುಟುಂಬಗಳಲ್ಲಿ ಅವರದೂ ಒಂದು. ಈಗಿರುವುದು ಚಿಕ್ಕ ಮನೆ. ಬೆಳಕು ಬರುವ ಕಿಟಕಿ ಒಂದೇ, ಅದರೆದುರಿಗೂ ಮರಗಳು. ಹಳೆಯ ಮನೆಯಂಗಳದಲ್ಲಿ ಪೂಜೆಗೆ ಬೇಕಾದ ಹೂವು ಪತ್ರೆಗಳನ್ನೆಲ್ಲ ತಾವೇ ಬೆಳೆದುಕೊಳ್ಳುತ್ತಿದ್ದ ಅವರ ಅತ್ತೆಯವರು ಇಲ್ಲಿಯೂ ಹತ್ತು ಹನ್ನೆರಡು ಕುಂಡಗಳನ್ನು ಕಿಟಕಿಯ ಬಳಿ ಇರಿಸಿಕೊಂಡರಂತೆ. ಪ್ರತಿ ಮಳೆಗಾಲದಲ್ಲಿಯೂ ಅರ್ಧಕ್ಕರ್ಧ ಸಾಯುತ್ತವೆ. ‘ಇನ್ನು ಹೊಸ ಗಿಡ ತರುವುದೇ ಬೇಡ ಎಂದು ಅತ್ತೆಯವರು ಹೇಳಿಬಿಟ್ಟಿದ್ದಾರೆ. ಆ ಮಾತು ನಮಗೆ ಸಹಿಸಲಾಗುತ್ತಿಲ್ಲ. ಅಂಗಡಿಯವರು ನೇರಳೆ ಬಣ್ಣದ ದೀಪವೊಂದನ್ನು ತೋರಿಸಿ, ಇದೇ ಗಿಡಗಳಿಗೆ ಬೇಕಾದ ನಿಜವಾದ ಬೆಳಕು ಎನ್ನುತ್ತಾರೆ. ಬೆಲೆ ಸಾವಿರಗಳಲ್ಲಿದೆ. ಕೊಳ್ಳಬಹುದೇ?’ ಎಂಬುದು ಅವರ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಕೊಳ್ಳುವುದು ಬೇಡ. ಆದರೆ ದೀಪವೇ ಬೇಡವೆಂದು ಇದರ ಅರ್ಥವಲ್ಲ. ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವುಂಟು. ಉಳಿದರ್ಧವನ್ನು ತಿಳಿದುಕೊಂಡರೆ ಹಣವೂ ಉಳಿಯುತ್ತದೆ, ಗಿಡಗಳೂ ಉಳಿಯುತ್ತವೆ.

ಬಿಳಿಯ ಬೆಳಕು ಹಲವು ಬಣ್ಣಗಳ ಬೆರಕೆಯೆಂಬುದನ್ನು ಶಾಲೆಯಲ್ಲಿ ಪಟ್ಟಕದ ಪ್ರಯೋಗ ನೋಡಿದ ಮಕ್ಕಳೆಲ್ಲ ಬಲ್ಲರು. ಬೆಳಕು ಅಲೆಯಂತೆ ಸಾಗುತ್ತದೆ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗಿರುವ ಅಂತರವೇ ತರಂಗದೂರ. ಅದನ್ನು ಅಳೆಯುವ ಮಾನ ನ್ಯಾನೊಮೀಟರ್, ಎಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಬರುವ ಒಂದು ಪಾಲು. ನೇರಳೆಯ ಅಂಚು ಸುಮಾರು 400, ನೀಲಿ 450ರ ಆಸುಪಾಸು, ಹಸಿರು 500ರಿಂದ 570ರವರೆಗೆ, ಕೆಂಪು 620ರಿಂದ 700ರವರೆಗೆ. ಗಿಡವು ಅನ್ನ ಬೇಯಿಸಿಕೊಳ್ಳಲು ಬಳಸುವುದು ಹೆಚ್ಚುಕಡಿಮೆ ಈ 400ರಿಂದ 700ರೊಳಗಿನ ಬೆಳಕನ್ನೇ. ನಮ್ಮ ಕಣ್ಣಿಗೆ ಕಾಣುವುದೂ ಬಹುಮಟ್ಟಿಗೆ ಅದೇ. ಆದರೆ ಕಣ್ಣಿಗೂ ಎಲೆಗೂ ರುಚಿಭೇದವುಂಟು. ಹಗಲಿನಲ್ಲಿ ನಮ್ಮ ಕಣ್ಣಿಗೆ ಹಳದಿ ಬೆರೆತ ಹಸಿರು ಬೆಳಕು ಎಲ್ಲಕ್ಕಿಂತ ಪ್ರಖರವಾಗಿ ತೋರುತ್ತದೆ. ಎಲೆಯೊಳಗಿನ ಪತ್ರಹರಿತ್ತು ಮುಖ್ಯವಾಗಿ ಹೀರುವುದು ನೀಲಿಯನ್ನು ಮತ್ತು ಕೆಂಪನ್ನು.

ಇದನ್ನು ಕಣ್ಣಾರೆ ಕಂಡು ತೋರಿಸಿದವರು ಜರ್ಮನಿಯ ಥಿಯೊಡೋರ್ ಎಂಗೆಲ್‌ಮನ್. 1882ರಲ್ಲಿ ಪ್ರಕಟವಾದ ಅವರ ಪ್ರಯೋಗದ ಜಾಣ್ಮೆ ಇಂದಿಗೂ ಮೆಚ್ಚತಕ್ಕದ್ದು. ಕೂದಲಿನಂಥ ಹಸಿರು ಪಾಚಿಯ ಒಂದು ಎಳೆಯನ್ನು ಸೂಕ್ಷ್ಮದರ್ಶಕದ ಕೆಳಗಿರಿಸಿ, ಅದರ ಉದ್ದಕ್ಕೂ ಪಟ್ಟಕದ ಏಳು ಬಣ್ಣಗಳು ಸಾಲಾಗಿ ಬೀಳುವಂತೆ ಮಾಡಿದರು. ಆಮ್ಲಜನಕವಿದ್ದೆಡೆಗೆ ಧಾವಿಸುವ ಬ್ಯಾಕ್ಟೀರಿಯಾಗಳನ್ನು ಆ ನೀರಿಗೆ ಬಿಟ್ಟರು. ಅವು ಗುಂಪುಗೂಡಿದ್ದು ಎಲ್ಲಿ? ಕೆಂಪು ಬಿದ್ದ ಕಡೆ ಮತ್ತು ನೀಲಿ ಬಿದ್ದ ಕಡೆ. ಪಾಚಿಯು ಅಲ್ಲಿಯೇ ಹೆಚ್ಚು ಆಮ್ಲಜನಕ ಬಿಡುತ್ತಿದೆ, ಅಲ್ಲಿಯೇ ಅದರ ಅಡುಗೆ ಭರದಿಂದ ಸಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಂಗಡಿಯ ನೇರಳೆ ದೀಪದ ಮೂಲವೂ ಇದೇ. ಅದರಲ್ಲಿರುವುದು ಕೆಂಪು ಮತ್ತು ನೀಲಿ ಎಲ್‌ಇಡಿಗಳು. ಎರಡೂ ಬೆರೆತು ನಮ್ಮ ಕಣ್ಣಿಗೆ ನೇರಳೆಯಾಗಿ ಕಾಣುತ್ತವೆ.

ಹಾಗಾದರೆ ಹಸಿರು ಬೆಳಕು ಗಿಡಕ್ಕೆ ನಿರುಪಯೋಗಿಯೇ? ಬಹಳ ಜನ ಹಾಗೆಂದೇ ನಂಬಿದ್ದಾರೆ, ಪಠ್ಯಪುಸ್ತಕಗಳೂ ಹಾಗೆನ್ನುವಂತೆ ಬರೆದಿರುತ್ತವೆ. ಎಲೆ ಹಸಿರಾಗಿ ಕಾಣುವುದು ಅದು ಹಸಿರು ಬೆಳಕನ್ನು ಪೂರ್ತಿಯಾಗಿ ತಿರಸ್ಕರಿಸುವುದರಿಂದಲ್ಲ, ಉಳಿದ ಬಣ್ಣಗಳಿಗಿಂತ ಸ್ವಲ್ಪ ಹೆಚ್ಚಾಗಿ ಹಿಂದಿರುಗಿಸುವುದರಿಂದ. ತನ್ನ ಮೇಲೆ ಬಿದ್ದ ಹಸಿರಿನಲ್ಲಿಯೂ ಬಹುಪಾಲನ್ನು ಎಲೆ ಹೀರಿಯೇ ಹೀರುತ್ತದೆ. ಅಷ್ಟೇ ಅಲ್ಲ, ನೀಲಿ ಕೆಂಪುಗಳು ಎಲೆಯ ಮೇಲ್ಪದರದಲ್ಲಿಯೇ ಖರ್ಚಾದರೆ ಹಸಿರು ಒಳಪದರಗಳವರೆಗೆ ಇಳಿಯಬಲ್ಲದು. ಕೀತ್ ಮೆಕ್‌ಕ್ರೀ ಎಂಬ ವಿಜ್ಞಾನಿ 22 ಬಗೆಯ ಬೆಳೆಗಳ ಎಲೆಗಳ ಮೇಲೆ ಒಂದೊಂದೇ ಬಣ್ಣದ ಬೆಳಕು ಬೀರಿ ಅಳತೆ ಮಾಡಿ 1972ರಲ್ಲಿ ಪ್ರಕಟಿಸಿದರು. ಕೆಂಪಿಗೆ ಮೊದಲ ಸ್ಥಾನ ದೊರೆತದ್ದು ನಿಜ. ಆದರೆ ಹಸಿರು ಎಲ್ಲರೂ ತಿಳಿದಿದ್ದಷ್ಟು ಹಿಂದೆ ಬೀಳಲಿಲ್ಲ. ಆದಕಾರಣ ಬಿಳಿಯ ದೀಪದಲ್ಲಿರುವ ಹಸಿರು ಹಳದಿಗಳು ವ್ಯರ್ಥವೆಂಬ ವ್ಯಾಪಾರದ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಇಷ್ಟು ಅನ್ನದ ಮಾತಾಯಿತು. ಗಿಡಕ್ಕೆ ಬೆಳಕು ಅನ್ನವೂ ಹೌದು, ಸುದ್ದಿಯೂ ಹೌದು. ನಮ್ಮ ಸೋದರಿಯವರ ಮನೆಯ ಗಿಡಗಳು ಉದ್ದುದ್ದ ಬೆಳೆಯುವುದರ ಗುಟ್ಟು ಇರುವುದು ಈ ಸುದ್ದಿಯಲ್ಲಿ.

ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಗೆ ಘಟ ಹಾಕಿ ಮಣ್ಣಿನಲ್ಲಿ ಧಾನ್ಯ ಬಿತ್ತುವುದನ್ನು ಓದುಗರು ಕಂಡಿರಬಹುದು. ದೇವರ ಕೋಣೆಯ ಮಬ್ಬಿನಲ್ಲಿ ಮೊಳೆತ ಆ ಸಸಿಗಳು ಹಳದಿ ಬಣ್ಣದಲ್ಲಿ, ನೀಳವಾಗಿ, ನಾಜೂಕಾಗಿ ಬೆಳೆದಿರುತ್ತವೆ. ಕತ್ತಲೆಯಲ್ಲಿ ಮೊಳೆತ ಸಸಿಗೆ ಒಂದೇ ಗುರಿ, ಬೀಜದಲ್ಲಿರುವ ಬುತ್ತಿ ತೀರುವುದರೊಳಗೆ ಬೆಳಕನ್ನು ಮುಟ್ಟಬೇಕು. ಆದ್ದರಿಂದ ಎಲೆಯನ್ನಾಗಲಿ ಹಸಿರನ್ನಾಗಲಿ ಮಾಡಲು ಖರ್ಚು ಮಾಡದೆ ಇದ್ದುದನ್ನೆಲ್ಲ ಉದ್ದಕ್ಕೇ ಸುರಿಯುತ್ತದೆ. ನೀಲಿ ಬೆಳಕು ಸಾಕಷ್ಟು ಬಿದ್ದೊಡನೆ ಈ ಓಟ ನಿಲ್ಲುತ್ತದೆ. ಕಾಂಡ ಗಿಡ್ಡವಾಗಿ ದಪ್ಪಗಾಗುತ್ತದೆ, ಎಲೆ ಹರಡುತ್ತದೆ. ಗಿಡವು ಕಿಟಕಿಯ ಕಡೆಗೆ ಬಾಗುವುದೂ ನೀಲಿಯ ಪ್ರೇರಣೆಯಿಂದಲೇ. ಚಾರ್ಲ್ಸ್ ಡಾರ್ವಿನ್ ತಮ್ಮ ಮಗ ಫ್ರಾನ್ಸಿಸ್‌ನೊಡನೆ ಹುಲ್ಲಿನ ಮೊಳಕೆಗಳ ತುದಿಗೆ ಟೋಪಿ ತೊಡಿಸಿ ನೋಡಿದಾಗ ಅವು ಬಾಗಲಿಲ್ಲ. ಬೆಳಕಿನ ದಿಕ್ಕನ್ನು ಅರಿಯುವುದು ಮೊಳಕೆಯ ತುದಿ, ಬಾಗುವುದು ಅದರ ಕೆಳಗಿನ ಭಾಗ ಎಂದು 1880ರಲ್ಲಿ ಅವರು ಬರೆದರು.

ಕೆಂಪಿನ ಕಥೆ ಇನ್ನೂ ಸ್ವಾರಸ್ಯಕರ. ಕೆಂಪಿನಲ್ಲಿ ಎರಡು ಬಗೆ. 660 ನ್ಯಾನೊಮೀಟರಿನ ಸುತ್ತಲಿನದು ಅಪ್ಪಟ ಕೆಂಪು. 730ರ ಸುತ್ತಲಿನದು ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ್ದು. ಅದನ್ನು ಇಲ್ಲಿ ಅಂಚಿನ ಕೆಂಪು ಎಂದು ಕರೆಯೋಣ. ಅಮೆರಿಕದ ಬೆಲ್ಟ್ಸ್‌ವಿಲ್‌ನ ಕೃಷಿ ಸಂಶೋಧನಾ ಕೇಂದ್ರದವರು 1952ರಲ್ಲಿ ಲೆಟ್ಯೂಸ್ ಸೊಪ್ಪಿನ ಬೀಜಗಳ ಮೇಲೆ ಕ್ಷಣಕಾಲ ಕೆಂಪು ಬೆಳಕು ಬೀರಿದಾಗ ಅವು ಮೊಳೆತವು. ಕೆಂಪಿನ ನಂತರ ಅಂಚಿನ ಕೆಂಪನ್ನು ಬೀರಿದಾಗ ಮೊಳೆಯಲಿಲ್ಲ. ಮತ್ತೆ ಕೆಂಪು ಬೀರಿದರೆ ಮೊಳೆತವು. ಎಷ್ಟು ಬಾರಿ ಅದಲುಬದಲು ಮಾಡಿದರೂ ಕೊನೆಯಲ್ಲಿ ಬಿದ್ದ ಬೆಳಕಿನ ಮಾತೇ ನಡೆಯಿತು. ಗಿಡದೊಳಗೆ ಈ ಎರಡು ಕೆಂಪುಗಳನ್ನು ಗುರುತಿಸುವ ಕೀಲಿಯೊಂದಿದೆಯೆಂದು ಇದರಿಂದ ತಿಳಿಯಿತು. ಅದಕ್ಕೆ ಫೈಟೊಕ್ರೋಮ್ ಎಂದು ಹೆಸರು.

ಈ ಕೀಲಿ ಏತಕ್ಕೆ ಎಂಬುದನ್ನು ಅರಿಯಲು ಕೊಡಗಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ತೆರೆದ ಬಯಲಿನ ಬಿಸಿಲಿನಲ್ಲಿ ಎರಡೂ ಕೆಂಪುಗಳು ಹೆಚ್ಚುಕಡಿಮೆ ಸರಿಸಮವಾಗಿರುತ್ತವೆ. ಬೆಳಕು ಒಂದು ಎಲೆಯನ್ನು ಹಾಯ್ದು ಬಂದರೆ ಆ ಎಲೆ ಅಪ್ಪಟ ಕೆಂಪನ್ನು ಹೀರಿಕೊಂಡು ಅಂಚಿನ ಕೆಂಪನ್ನು ಹಾಗೆಯೇ ಬಿಟ್ಟುಬಿಡುತ್ತದೆ. ದಟ್ಟವಾದ ಎಲೆಮರೆಯಲ್ಲಿ ಅಪ್ಪಟ ಕೆಂಪು ಅಂಚಿನ ಕೆಂಪಿನ ಕಾಲುಭಾಗಕ್ಕೂ ಇಳಿಯಬಲ್ಲದು. ಕೆಳಗಿರುವ ಗಿಡಕ್ಕೆ ಅದೇ ಎಚ್ಚರಿಕೆ: ತಲೆಯ ಮೇಲೆ ಇನ್ನೊಬ್ಬರಿದ್ದಾರೆ! ಬಿಸಿಲನ್ನು ಪ್ರೀತಿಸುವ ಗಿಡವಾದರೆ ಆ ಸುದ್ದಿ ತಿಳಿದೊಡನೆ ಮೇಲೆ ಹೋಗಲು ಹವಣಿಸುತ್ತದೆ, ಕಾಂಡವನ್ನು ನೀಳವಾಗಿ ಚಾಚುತ್ತದೆ. ಮರಗಳು ಮುಚ್ಚಿದ ಕಿಟಕಿಯ ಬಳಿ ಇಟ್ಟ ಗಿಡವು, ಬಯಲಿಗೆ ತೆರೆದ ಕಿಟಕಿಯ ಬಳಿಯ ಗಿಡಕ್ಕಿಂತ ಹೆಚ್ಚು ಜೋಲುಬಿದ್ದು ಬೆಳೆಯುವುದು ಬೆಳಕು ಕಡಿಮೆಯಾದುದರಿಂದ ಮಾತ್ರವಲ್ಲ, ಬರುವ ಬೆಳಕಿನ ಬಣ್ಣವೂ ಬದಲಾಗಿರುವುದರಿಂದ. ನಮ್ಮ ಸೋದರಿಯವರ ಕಿಟಕಿಯದೂ ಇದೇ ಪಾಡು.

ನೆರಳನ್ನೇ ಮನೆಮಾಡಿಕೊಂಡ ಗಿಡಗಳು ಬೇರೆ. ಕಾಫಿ ಅಂಥದ್ದು. ಅರೇಬಿಕಾ ಕಾಫಿಯ ತವರು ಇಥಿಯೋಪಿಯದ ಕಾಡುಗಳು, ಅಲ್ಲಿ ಅದು ಹೆಮ್ಮರಗಳ ಕೆಳಗೆ ಬೆಳೆದ ಗಿಡ. ದೇಶದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆಯಾದ ಕೊಡಗಿನಲ್ಲಿ ಹಲಸು, ಅತ್ತಿ, ಬೀಟೆ, ನಂದಿ, ಹಾಲುವಾಣ, ಸಿಲ್ವರ್ ಓಕ್ ಮರಗಳು ತೋಟಕ್ಕೆ ಕೊಡೆ ಹಿಡಿದಿವೆ. ಕಾಫಿಯ ಒಂದು ಎಲೆಗೆ ಪೂರ್ಣ ಬಿಸಿಲಿನ ಸುಮಾರು ಮೂರನೆಯ ಒಂದು ಪಾಲು ದೊರೆತರೆ ಸಾಕು, ಅದಕ್ಕಿಂತ ಹೆಚ್ಚು ಬಿದ್ದರೂ ಅಡುಗೆಯ ವೇಗ ಅಷ್ಟಾಗಿ ಏರುವುದಿಲ್ಲ. ಹಾಗೆಂದು ನೆರಳು ಮಿತಿಮೀರಿದರೆ ಹೂವು ಕಡಿಮೆಯಾಗಿ ಫಸಲು ಇಳಿಯುತ್ತದೆ. ಮಳೆಗಾಲ ಬರುವ ಮುನ್ನ ಮರವೇರಿ ರೆಂಬೆ ಕಡಿಯುವ ಮರಗಸಿ ಕೆಲಸವು ವಾಸ್ತವವಾಗಿ ಬೆಳಕಿನ ಅಳತೆಯ ಕೆಲಸವೇ. ಯಾವ ಯಂತ್ರವೂ ಇಲ್ಲದೆ, ನೆಲದ ಮೇಲೆ ಬಿದ್ದ ಬಿಸಿಲಿನ ಚುಕ್ಕೆಗಳನ್ನು ನೋಡಿಯೇ ಯಾವ ಕೊಂಬೆ ಹೋಗಬೇಕೆಂದು ಹೇಳುವ ಹಿರಿಯ ಕೆಲಸಗಾರರ ಕಣ್ಣು ಯಾವ ಮಾಪಕಕ್ಕೂ ಕಡಿಮೆಯದಲ್ಲ.

ಕಾಫಿ ಸಸಿಮಡಿಯ ಕ್ರಮವನ್ನು ನಮ್ಮ ಗೃಹಿಣಿಯರೂ ಗಮನಿಸುವುದು ಲೇಸು. ಬೀಜ ಮೊಳೆತು, ತಲೆಯ ಮೇಲೆ ಕಾಳನ್ನು ಹೊತ್ತು ನಿಂತಾಗ ಅದನ್ನು ಟೋಪಿ ಹಂತವೆನ್ನುತ್ತಾರೆ. ಆಗ ಸಸಿಯನ್ನು ಪಾಲಿಥಿನ್ ಚೀಲಕ್ಕೆ ವರ್ಗಾಯಿಸಿ ಚಪ್ಪರದ ನೆರಳಿನಲ್ಲಿ ಸಾಕುತ್ತಾರೆ. ಮಳೆ ಹಿಡಿದ ಮೇಲೆ ಚಪ್ಪರವನ್ನು ಒಮ್ಮೆಲೇ ಕೀಳದೆ ಸ್ವಲ್ಪ ಸ್ವಲ್ಪವಾಗಿ ತೆಳುಗೊಳಿಸಿ, ಕಡೆಗೆ ತೆಗೆದುಬಿಡುತ್ತಾರೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವೂ, ಕೊಡಗಿನ ಚೆಟ್ಟಳ್ಳಿಯಲ್ಲಿ 1946ರಲ್ಲಿ ಸ್ಥಾಪಿತವಾದ ಅದರ ಉಪಕೇಂದ್ರವೂ ಬೆಳೆಗಾರರಿಗೆ ನೀಡುತ್ತ ಬಂದ ತಿಳಿವಳಿಕೆಯಲ್ಲಿ ನೆರಳಿನ ಹದಕ್ಕೆ ದೊಡ್ಡ ಪಾಲುಂಟು. ಮಬ್ಬಿನಲ್ಲಿ ಹುಟ್ಟಿದ ಎಲೆ ತೆಳುವಾಗಿ, ಅಗಲವಾಗಿರುತ್ತದೆ. ಅದನ್ನು ತಟ್ಟನೆ ಬಿಸಿಲಿಗಿಟ್ಟರೆ ಸುಟ್ಟು ಕಂದಾಗುತ್ತದೆ. ಮಳೆ ಹಿಂದಾಗಿ ಬಿಸಿಲು ಕಂಡೊಡನೆ ಮನೆಯೊಳಗಿನ ಕುಂಡಗಳನ್ನೆಲ್ಲ ಒಂದೇ ದಿನ ಅಂಗಳಕ್ಕೆ ಹೊತ್ತುಹಾಕುವವರು ಇದನ್ನು ನೆನಪಿಡಬೇಕು.

ಈಗ ಬಣ್ಣವನ್ನು ಬದಿಗಿಟ್ಟು ಪ್ರಮಾಣಕ್ಕೆ ಬರೋಣ. ನಮ್ಮ ಅಭಿಪ್ರಾಯದಲ್ಲಿ ಮನೆಯೊಳಗಿನ ಗಿಡಗಳ ಕಷ್ಟದಲ್ಲಿ ಹತ್ತರಲ್ಲಿ ಎಂಟು ಪಾಲು ಬೆಳಕಿನ ಕೊರತೆಯದು, ಬಣ್ಣದ್ದು ಎರಡೇ ಪಾಲು. ಈ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ. ಕಣ್ಣಿನ ಪಾಪೆ ಕತ್ತಲೆಗೆ ಹಿಗ್ಗಿ ಬೆಳಕಿಗೆ ಕುಗ್ಗಿ, ಎಲ್ಲವೂ ಸರಿಯಾಗಿದೆಯೆಂದು ನಮ್ಮನ್ನು ನಂಬಿಸುತ್ತದೆ. ನಡುಹಗಲಿನ ಬಟ್ಟಬಯಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮೋಡ ಕವಿದ ದಿನ ಹೊರಗೆ ಅದು 10,000ಕ್ಕೆ, ಕೆಲವೊಮ್ಮೆ ಇನ್ನೂ ಕೆಳಗೆ ಇಳಿಯುತ್ತದೆ. ಅಂಥ ದಿನ ಕಿಟಕಿಯಿಂದ ಒಂದೆರಡು ಅಡಿ ಒಳಗೆ ಕೆಲವು ನೂರು ಲಕ್ಸ್ ಉಳಿದರೆ ದೊಡ್ಡದು. ಕೋಣೆಯ ಮೂಲೆಯಲ್ಲಿ ನೂರೂ ಇರಲಾರದು. ಅಲ್ಲಿ ಕುಳಿತು ನಾವು ನಿರಾತಂಕವಾಗಿ ಪತ್ರಿಕೆ ಓದುತ್ತೇವೆ, ಪಕ್ಕದ ಗಿಡ ಉಪವಾಸವಿರುತ್ತದೆ.

ಬೆಳಕನ್ನು ಅಳೆಯುವ ಸುಲಭೋಪಾಯವೊಂದುಂಟು. ಗಿಡವಿಡುವ ಜಾಗದಲ್ಲಿ ಬಿಳಿಯ ಹಾಳೆಯನ್ನಿರಿಸಿ, ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳು ಸ್ಪಷ್ಟವಾಗಿ, ಬೆರಳುಗಳು ಎಣಿಸುವಂತೆ ಬಿದ್ದರೆ ಬೆಳಕು ಚೆನ್ನಾಗಿದೆ. ಮಸುಕಾದ ಕೈಯ ಆಕಾರವಷ್ಟೇ ಕಂಡರೆ ನೆರಳು ತಾಳುವ ಗಿಡಗಳಿಗೆ ಸಾಕು. ನೆರಳೇ ಕಾಣದಿದ್ದರೆ ಅಲ್ಲಿ ಗಿಡವಿಡುವುದು ಬೇಡ, ದೀಪ ಹಾಕುವುದಾದರೆ ಮಾತ್ರ ಇಡಬಹುದು.

ನಮ್ಮ ಹಿರಿಯರ ತೊಟ್ಟಿಮನೆಗಳಿಗೆ ಈ ತೊಂದರೆಯಿರಲಿಲ್ಲ. ನಡುತೊಟ್ಟಿಯಲ್ಲಿ ಬೆಳಕು ಆಕಾಶದಿಂದ ನೇರವಾಗಿ ಇಳಿಯುತ್ತಿತ್ತು. ಹೆಂಚಿನ ಮನೆಗಳಲ್ಲಿ ಒಂದೆರಡು ಗಾಜಿನ ಹೆಂಚು ಹಾಕುವ ಪದ್ಧತಿಯೂ ಜಾಣತನದ್ದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ ಮಲೆನಾಡುಗಳಲ್ಲೆಲ್ಲ ಹರಡಿದ ಆ ಕೆಂಪು ಮಾಡುಗಳ ಕೆಳಗೆ, ಗಾಜಿನ ಹೆಂಚಿನಿಂದ ಇಳಿದ ಬೆಳಕಿನ ಕೋಲು ಅಡುಗೆಮನೆಯ ಹೊಗೆಯನ್ನು ಸೀಳಿ ಬರುತ್ತಿದ್ದುದನ್ನು ಹಳಬರು ಮರೆತಿರಲಾರರು. ಗೋಡೆಯ ಕಿಟಕಿಗಿಂತ ಮೇಲಿನಿಂದ ಬೀಳುವ ಬೆಳಕು ಗಿಡಕ್ಕೆ ಎಷ್ಟೋ ಮೇಲು, ಏಕೆಂದರೆ ಆಗ ಅದು ಒಂದು ಕಡೆಗೆ ವಾಲದೆ ನೆಟ್ಟಗೆ ಬೆಳೆಯುತ್ತದೆ. ಕಾಂಕ್ರೀಟಿನ ತಾರಸಿ ಬಂದ ಮೇಲೆ ಆ ಅನುಕೂಲ ಹೋಯಿತು.

ದೀಪಗಳ ವಿಚಾರ. ಹಳೆಯ ಗಾಜಿನ ಬುರುಡೆ ದೀಪವು ಉಂಡ ವಿದ್ಯುತ್ತಿನ ನೂರರಲ್ಲಿ ತೊಂಬತ್ತು ಪಾಲಿಗೂ ಹೆಚ್ಚನ್ನು ಶಾಖವಾಗಿಯೇ ಹೊರಹಾಕುತ್ತದೆ. ಅದರ ಬೆಳಕಿನಲ್ಲಿ ನೀಲಿ ಅತ್ಯಲ್ಪ, ಅಂಚಿನ ಕೆಂಪು ಧಾರಾಳ. ಎಂದರೆ ಗಿಡವನ್ನು ಉದ್ದ ಬೆಳೆಸುವುದಕ್ಕೆ ಇದಕ್ಕಿಂತ ತಕ್ಕ ದೀಪವಿಲ್ಲ! ಬಿಳಿಯ ಟ್ಯೂಬ್‌ಲೈಟು ಅದಕ್ಕಿಂತ ಬಹಳ ಮೇಲು. ಈಗ ಎಲ್ಲರ ಮನೆಗೂ ಬಂದಿರುವ ಎಲ್‌ಇಡಿ ದೀಪ ಇನ್ನೂ ಮೇಲು. ನೀಲಿ ಎಲ್‌ಇಡಿಯನ್ನು ಸಾಧಿಸಿದ ಜಪಾನೀ ಮೂಲದ ಮೂವರು, ಅಕಾಸಾಕಿ, ಅಮಾನೊ ಮತ್ತು ನಕಮುರಾ, 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದರು. ನಾವು ಬಿಳಿಯೆಂದು ಕೊಳ್ಳುವ ಬಲ್ಬಿನ ಒಳಗೂ ಇರುವುದು 450 ನ್ಯಾನೊಮೀಟರ್ ಸುತ್ತಲಿನ ನೀಲಿ ಎಲ್‌ಇಡಿಯೇ. ಅದರ ಮೇಲೆ ಬಳಿದ ಹಳದಿ ಲೇಪವು ನೀಲಿಯ ಒಂದಷ್ಟು ಪಾಲನ್ನು ಹಸಿರು, ಹಳದಿ, ಕೆಂಪುಗಳಾಗಿ ಮಾರ್ಪಡಿಸುತ್ತದೆ. ಎಲ್ಲವೂ ಬೆರೆತು ಬಿಳಿಯಾಗುತ್ತದೆ. ಗಿಡಕ್ಕೆ ಬೇಕಾದ ನೀಲಿಯೂ ಕೆಂಪೂ ಅದರಲ್ಲಿಯೇ ಇವೆ. ಅಂಗಡಿಯಲ್ಲಿ ‘ಕೂಲ್ ಡೇಲೈಟ್’ ಎಂದು ಮಾರುವ 6,500 ಕೆಲ್ವಿನ್ನಿನ ದೀಪದಲ್ಲಿ ನೀಲಿ ಹೆಚ್ಚು, ‘ವಾರ್ಮ್ ವೈಟ್’ ಎಂಬ 3,000 ಕೆಲ್ವಿನ್ನಿನದರಲ್ಲಿ ಕೆಂಪು ಹೆಚ್ಚು. ಎಲೆಗಿಡಗಳಿಗೆ ಮೊದಲನೆಯದು ಸಾಕು. ಎರಡು ದೀಪ ಹಾಕುವುದಾದರೆ ಒಂದೊಂದನ್ನು ಹಾಕಬಹುದು.

ನೇರಳೆ ದೀಪ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಸಾವಿರಾರು ಗಿಡಗಳನ್ನು ಮುಚ್ಚಿದ ಕೋಣೆಯಲ್ಲಿ ಬೆಳೆಸಿ, ಪ್ರತಿ ಯೂನಿಟ್ಟಿನ ಲೆಕ್ಕವಿಡುವ ಉದ್ಯಮಗಳಿಗೆ ಅದು ಲಾಭದಾಯಕವಾಗಬಹುದು. ಮನೆಗೆ ಅದು ತಕ್ಕುದಲ್ಲ. ಆ ಬೆಳಕಿನಲ್ಲಿ ಎಲೆಗಳೆಲ್ಲ ಕಪ್ಪಾಗಿ ಕಾಣುತ್ತವೆ. ಎಲೆ ಹಳದಿಯಾಯಿತೇ, ಹೇನು ಹತ್ತಿತೇ, ಬೂಷ್ಟು ಬಂತೇ ಎಂಬುದೊಂದೂ ತಿಳಿಯುವುದಿಲ್ಲ. ಜೊತೆಗೆ, ಮನೆಯಲ್ಲಿರುವ ಒಂದೇ ಕಿಟಕಿಯ ಬಳಿ ಹಗಲೆಲ್ಲ ಕುಳಿತುಕೊಳ್ಳುವ ಹಿರಿಯರ ಕಣ್ಣಿಗೆ ಅದೊಂದು ಹಿಂಸೆ. ಗಿಡದ ಸಲುವಾಗಿ ತಂದ ದೀಪ ಗಿಡ ನೋಡುವ ಸುಖವನ್ನೇ ಕಸಿದುಕೊಳ್ಳಬಾರದು.

ಇನ್ನು ಲೆಕ್ಕ. 20 ವಾಟಿನ ನಾಲ್ಕಡಿಯ ಎಲ್‌ಇಡಿ ಟ್ಯೂಬು ಸುಮಾರು 2,000 ಲ್ಯೂಮೆನ್ ಬೆಳಕು ಕೊಡುತ್ತದೆ. ಅದನ್ನು ಗಿಡಗಳ ನೆತ್ತಿಗಿಂತ ಒಂದು ಅಡಿ ಮೇಲೆ ತೂಗುಹಾಕಿದರೆ ಎಲೆಗಳ ಮೇಲೆ ಹತ್ತಿರ ಹತ್ತಿರ 2,500 ಲಕ್ಸ್ ಬೀಳುತ್ತದೆ. ಅದೇ ಟ್ಯೂಬನ್ನು ಎಂದಿನಂತೆ ಗೋಡೆಯ ನೆತ್ತಿಗೆ ಹೊಡೆದರೆ ಕುಂಡಕ್ಕೆ ದಕ್ಕುವುದು ಅದರ ಹತ್ತನೆಯ ಒಂದು ಪಾಲೂ ಇಲ್ಲ. ದುಂಡು ಬಲ್ಬಾದರೆ ದೂರ ಎರಡರಷ್ಟಾದಾಗ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ದೀಪದ ಬೆಲೆಗಿಂತ ಅದನ್ನು ಎಷ್ಟು ಹತ್ತಿರ ತಂದಿರಿ ಎಂಬುದೇ ಮುಖ್ಯ. ಎಲ್‌ಇಡಿಯಲ್ಲಿ ಶಾಖ ಕಡಿಮೆಯಾದ ಕಾರಣ ಹತ್ತಿರ ತಂದರೆ ಎಲೆ ಸುಡುವ ಭಯವಿಲ್ಲ. ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಹನ್ನೆರಡು ಗಂಟೆ ಉರಿಸಿದರೆ ತಿಂಗಳಿಗೆ ಸುಮಾರು 7 ಯೂನಿಟ್. ಮಳೆಗಾಲದ ಮೂರು ತಿಂಗಳ ಮಟ್ಟಿಗೆ ಇದು ಹೊರೆಯೆನಿಸಲಾರದು. ರಾತ್ರಿಯಿಡೀ ಉರಿಸುವುದು ಬೇಡ. ಮಳೆಗಾಲದಲ್ಲಿ ಮಡಿಕೇರಿಯ ಗೋಡೆಗಳು ಬೆವರುವುದರಿಂದ ವೈರನ್ನು ಗೋಡೆಗೆ ತಾಗದಂತೆ ಎಳೆಸಿ. ಕುಂಡಕ್ಕೆ ನೀರು ಹಾಕುವಾಗ ಸ್ವಿಚ್ಚು ಆರಿಸಿ. ಈ ಕೆಲಸಕ್ಕೆ ವಿದ್ಯುತ್ ಕೆಲಸ ಬಲ್ಲವರನ್ನೇ ಕರೆಯಿರಿ.

ದೀಪಕ್ಕಿಂತ ಮೊದಲು ಮಾಡಬೇಕಾದ ಎರಡು ಕೆಲಸಗಳುಂಟು, ಇವಕ್ಕೆ ಕಾಸು ಖರ್ಚಿಲ್ಲ. ಕಿಟಕಿಯ ಗಾಜಿಗೆ ಹತ್ತಿದ ಪಾಚಿ ಧೂಳುಗಳನ್ನು ತೊಳೆಯುವುದು ಒಂದು. ಎರಡನೆಯದು, ನೀರು ಕಡಿಮೆ ಮಾಡುವುದು. ನಮ್ಮ ಅನುಭವದಲ್ಲಿ ಮಳೆಗಾಲದಲ್ಲಿ ಒಳಗಿನ ಕುಂಡಗಿಡಗಳನ್ನು ಕೊಲ್ಲುವುದು ಮುಖ್ಯವಾಗಿ ನೀರು. ಬೆಳಕಿಲ್ಲದಿದ್ದಾಗ ಗಿಡದ ಅಡುಗೆ ನಡೆಯುವುದಿಲ್ಲ. ಗಾಳಿಯಲ್ಲಿ ತೇವವಿರುವಾಗ ಎಲೆಯಿಂದ ನೀರು ಆವಿಯಾಗುವುದೂ ಕಡಿಮೆ. ಆಗಲೂ ಬೇಸಗೆಯ ಅಭ್ಯಾಸದಂತೆ ದಿನಕ್ಕೊಂದು ಚೊಂಬು ಸುರಿದರೆ ಬೇರಿಗೆ ಗಾಳಿಯಾಡದೆ ಕೊಳೆಯುತ್ತದೆ. ಗಿಡ ಬಾಡಿತೆಂದು ಪ್ರೀತಿಯಿಂದ ಇನ್ನೊಂದು ಚೊಂಬು ಹಾಕುತ್ತೇವೆ! ಬೆರಳನ್ನು ಮಣ್ಣಿಗೆ ಎರಡು ಗೆಣ್ಣಿನಷ್ಟು ಇಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕಿ. ಮಡಿಕೇರಿಯಲ್ಲಿ ಆಷಾಢ ಶ್ರಾವಣಗಳಲ್ಲಿ ವಾರಕ್ಕೊಮ್ಮೆ ಹಾಕಿದರೂ ಕೆಲವು ಗಿಡಗಳಿಗೆ ಹೆಚ್ಚೇ.

ಯಾವ ಗಿಡ ಇಡಬೇಕೆಂಬುದು ಉಳಿದ ಪ್ರಶ್ನೆ. ಅತ್ತೆಯವರ ಮನಸ್ಸು ಪೂಜೆಯ ಪತ್ರೆಯ ಮೇಲೆ ಇರುವುದು ಸಹಜ. ಆದರೆ ಬಿಲ್ವವು ಒಣಸೀಮೆಯ ಉರಿಬಿಸಿಲನ್ನು ಬಯಸುವ ಮರ. ತುಂಬೆಯೂ ಬಯಲ ಬಿಸಿಲಿನ ಗಿಡ. ಇವೆರಡನ್ನೂ ಒಂದು ಟ್ಯೂಬಿನ ಕೆಳಗೆ ಸಾಕುತ್ತೇವೆಂದು ಹೊರಟರೆ ನಿರಾಶೆ ನಿಶ್ಚಯ. ಬಿಲ್ವಪತ್ರೆ ಒಣಗಿದರೂ ಪೂಜೆಗೆ ಸಲ್ಲುತ್ತದೆಂಬ ರೂಢಿ ಹಿರಿಯರಲ್ಲಿತ್ತು. ಬೇಸಗೆಯಲ್ಲಿ ತಂದು ನೆರಳಿನಲ್ಲಿ ಒಣಗಿಸಿ ಇರಿಸಿಕೊಂಡರೆ ಸಾಕು. ಕಿಟಕಿಗೆ ಒಪ್ಪುವುವು ಕಾಡಿನ ತಳದಲ್ಲಿ ಹುಟ್ಟಿ ಬೆಳೆದ ಜಾತಿಗಳು. ಜರಿಗಿಡಗಳು, ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಇವು ಕಡಿಮೆ ಬೆಳಕಿನಲ್ಲಿಯೂ ಜೀವ ಹಿಡಿಯುತ್ತವೆ. ಕೊಡಗಿನಲ್ಲಿ ನೆರಳುಪರದೆಯ ಕೆಳಗೆ ಬೆಳೆಯುವ ಆಂಥೂರಿಯಂ, ಟ್ಯೂಬಿನ ಬೆಳಕು ಸೇರಿದರೆ ಎಲೆ ಹಸಿರಾಗಿರಿಸಿಕೊಂಡು ಬಿಸಿಲು ಮರಳಿದ ಮೇಲೆ ಹೂವು ಕೊಡುತ್ತದೆ. ಆ ಮಣ್ಣಿನದೇ ಆದ ಮದ್ದುಸೊಪ್ಪನ್ನೂ ಒಂದು ಕುಂಡದಲ್ಲಿ ನೆಟ್ಟು ನೋಡಬಹುದು. ಕಕ್ಕಡ ಮಾಸದ ಹದಿನೆಂಟನೆಯ ದಿನ ಕೊಡಗಿನ ಮನೆಗಳಲ್ಲಿ ಅದರ ಪಾಯಸ ಮಾಡುತ್ತಾರೆ. ಹಸಿರು ಎಲೆ ಬೆಂದಾಗ ನೀರು ಕಡುನೇರಳೆಯಾಗುತ್ತದೆ. ಮಳೆಗಾಲದ ಅತ್ಯಂತ ಮಬ್ಬಿನ ದಿನಗಳಲ್ಲಿ, ಮರಗಳ ಅಡಿಯಲ್ಲಿ ಸೊಂಪಾಗಿರುವ ಗಿಡವದು. ಮೆಂತ್ಯ, ಕೊತ್ತಂಬರಿಗಳಿಗೆ ಒಂದು ಟ್ಯೂಬು ಸಾಲದು. ಎರಡನ್ನು ಅಕ್ಕಪಕ್ಕ ಕಟ್ಟಿ, ಅರ್ಧ ಅಡಿಯಷ್ಟು ಹತ್ತಿರ ತಂದರೆ ಎಳೆಯ ಸೊಪ್ಪು ಕೊಯ್ದುಕೊಳ್ಳಬಹುದು.

ಮನೆಯ ಮಕ್ಕಳಿಗೆ ಈ ಸಂದರ್ಭದಲ್ಲಿ ಒಂದು ಮಾತು ಹೇಳಿ. 2025ರ ಜನವರಿಯಲ್ಲಿ ನಮ್ಮ ಇಸ್ರೋ ಸಂಸ್ಥೆಯವರು ಬಾಹ್ಯಾಕಾಶದಲ್ಲಿ ಸುತ್ತುತ್ತಿದ್ದ ಪುಟ್ಟ ಪೆಟ್ಟಿಗೆಯೊಳಗೆ ಎಂಟು ಅಲಸಂದೆ ಬೀಜಗಳನ್ನು ಮೊಳೆಯಿಸಿದರು. ನಾಲ್ಕು ದಿನಗಳಲ್ಲಿ ಮೊಳಕೆ ಬಂದು, ಆಮೇಲೆ ಎಲೆಯೂ ಒಡೆಯಿತು. ಅದೇ ವರ್ಷ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ, ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ ಮತ್ತು ಅಲ್ಲಿಯ ಐಐಟಿಯವರು ಸಿದ್ಧಪಡಿಸಿದ ಪ್ರಯೋಗಕ್ಕಾಗಿ ಹೆಸರುಕಾಳು ಮತ್ತು ಮೆಂತ್ಯದ ಬೀಜಗಳು ಜೊತೆಗೆ ಹೋದವು. ಅಲಸಂದೆಯನ್ನೂ ಹೆಸರನ್ನೂ ಮನೆಯಲ್ಲಿಯೇ ಎರಡು ಬಟ್ಟಲುಗಳಲ್ಲಿ ಬಿತ್ತಿ, ಒಂದನ್ನು ಟ್ಯೂಬಿನ ಕೆಳಗೂ ಇನ್ನೊಂದನ್ನು ಕಪಾಟಿನೊಳಗೂ ಇಟ್ಟು ಹತ್ತು ದಿನ ನೋಡಲಿ. ಮೊಳೆಯುವುದಕ್ಕೆ ಬೆಳಕು ಬೇಕಿಲ್ಲ, ಬದುಕುವುದಕ್ಕೆ ಬೇಕು ಎಂಬುದು ಅಜ್ಜಿಯ ಎದುರಿನಲ್ಲಿಯೇ ತಿಳಿಯುತ್ತದೆ.

ಸೇವಂತಿಗೆಯ ಬಗ್ಗೆ ಎಚ್ಚರ ಬೇಕು. ಅದು ಹಗಲು ಕಿರಿದಾಗಿ ಇರುಳು ದೀರ್ಘವಾದಾಗ ಮೊಗ್ಗು ಕಟ್ಟುವ ಗಿಡ. ಗಿಡಗಳು ಹಗಲಿರುಳುಗಳ ಉದ್ದವನ್ನು ಲೆಕ್ಕವಿಡುತ್ತವೆಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ಪ್ರಕಟಿಸಿದರು. ಈ ಲೆಕ್ಕದ ಕೀಲಿಯೂ ಕೆಂಪು ಬೆಳಕನ್ನು ಗುರುತಿಸುವ ಅದೇ ಫೈಟೊಕ್ರೋಮ್. ನಡುರಾತ್ರಿ ಸ್ವಲ್ಪ ಹೊತ್ತು ದೀಪ ಹಚ್ಚಿದರೂ ಸೇವಂತಿಗೆ ಇರುಳು ಮೊಟಕಾಯಿತೆಂದು ತಿಳಿದು ಹೂಬಿಡುವುದನ್ನು ಮುಂದೂಡುತ್ತದೆ. ಹಬ್ಬದ ಮಾರುಕಟ್ಟೆಗೆ ಹೂವು ಹೊಂದಿಸಲು ಬಯಲುಸೀಮೆಯ ಕೆಲವು ಬೆಳೆಗಾರರು ಹೊಲದಲ್ಲಿ ಸಾಲುಸಾಲು ಬಲ್ಬು ಉರಿಸುವುದು ಇದೇ ಕಾರಣಕ್ಕೆ. ಬೀದಿದೀಪದ ಕೆಳಗಿನ ಸೇವಂತಿಗೆ ಹಸಿರಾಗಿ ಬೆಳೆದೂ ಬೆಳೆದೂ ಮೊಗ್ಗೇ ಕಟ್ಟದಿರುವುದನ್ನು ನೋಡಿ ಬೈದುಕೊಂಡವರುಂಟು. ಆದ್ದರಿಂದ ನಮ್ಮ ಸೋದರಿಯವರ ಮನೆಯಲ್ಲಿ ಸೇವಂತಿಗೆಯ ಕುಂಡವಿದ್ದರೆ, ಆಷಾಢ ಶ್ರಾವಣಗಳಲ್ಲಿ ಹಗಲು ಮಾತ್ರ ಟ್ಯೂಬಿನ ಕೆಳಗಿಡಲಿ. ಭಾದ್ರಪದದಿಂದ ಮುಂದೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅದನ್ನು ಮಾತ್ರ ದೀಪವಿಲ್ಲದ ಪಕ್ಕದ ಕೋಣೆಗೆ ಒಯ್ದು, ಬೆಳಗ್ಗೆ ಮತ್ತೆ ಕಿಟಕಿಗೆ ತರಲಿ. ಕುಂಡ ಚಿಕ್ಕದಾಗಿದ್ದರೆ ಅತ್ತೆಯವರೇ ಅದನ್ನು ಎತ್ತಿಡಬಹುದು.